ಎರಡು ಮಕ್ಕಳು, ಒಬ್ರು ಅಜ್ಜಿ, ಐದು ದಿನದ ದೆಹಲಿ

ದೆಹಲಿಗೆ ಹೋಗೋ ಪ್ಲಾನ್ ಮಾಡೋರು ಹೋಟೆಲ್ ಹುಡುಕೋಕೂ ಮುಂಚೆ, ಟಿಕೆಟ್ ನೋಡೋಕೂ ಮುಂಚೆ, ಕ್ಯಾಲೆಂಡರ್ ತೆಗೆದು ಸೋಮವಾರ ಎಲ್ಲಿ ಬೀಳತ್ತೆ ಅಂತ ನೋಡಿ. ಕೆಂಪುಕೋಟೆ ಸೋಮವಾರ ರಜ, ರೈಲ್ ಮ್ಯೂಸಿಯಂ ರಜ, ನ್ಯಾಷನಲ್ ಮ್ಯೂಸಿಯಂ ರಜ, ಅಕ್ಷರಧಾಮ ರಜ, ಪ್ರಧಾನಮಂತ್ರಿ ಸಂಗ್ರಹಾಲಯ ರಜ, ರಾಷ್ಟ್ರಪತಿ ಭವನದ ಅಮೃತ ಉದ್ಯಾನಕ್ಕೂ ಸೋಮವಾರವೇ ರಜ. ಝೂ ಮಾತ್ರ ಶುಕ್ರವಾರ. ನಾನು ಮಾಡಿದ ಮೊದಲನೇ ಪ್ಲಾನ್‌ನಲ್ಲಿ ಕೆಂಪುಕೋಟೆ ಸೋಮವಾರಕ್ಕೇ ಬಂದಿತ್ತು, ನೋಡಿದ ತಕ್ಷಣ ಪೂರ್ತಿ ಅಳಿಸಿ ಮೊದಲಿಂದ ಶುರು ಮಾಡ್ದೆ.

ನಾವು ಹೊರಡ್ತಿರೋದು ಬರೋ ಶನಿವಾರ, ಫೆಬ್ರವರಿ ಮಧ್ಯದಲ್ಲಿ. ನಾನು, ನಮ್ಮನೆಯವ್ರು, ಎರಡನೇ ಕ್ಲಾಸಲ್ಲಿರೋ ಮಗಳು, ಮೂರೂವರೆ ವರ್ಷದ ಮಗ, ಜೊತೆಗೆ ನಮ್ಮತ್ತೆ. ಅತ್ತೆಗೆ ಅರವತ್ತೇಳು, ಮಂಡಿ ನೋವಿದೆ, ಆದ್ರೆ ಪ್ರತಿ ಜನವರಿ 26ಕ್ಕೆ ಬೆಳಿಗ್ಗೆ ಸ್ನಾನ ಮಾಡಿ ಟಿವಿ ಮುಂದೆ ಕೂತು ಪರೇಡ್ ಪೂರ್ತಿ ನೋಡ್ತಾರೆ, ಆ ರಸ್ತೆ ಮೇಲೆ ಒಂದ್ಸಲ ನಿಲ್ಬೇಕು ಅನ್ನೋದು ಅವ್ರ ಎಷ್ಟೋ ವರ್ಷದ ಆಸೆ. ನಾನು ಮದುವೆಗೆ ಮುಂಚೆ ಮೂರು ವರ್ಷ ದೆಹಲಿಯ ಮುನಿರ್ಕಾದಲ್ಲಿ ಪಿಜಿಯಲ್ಲಿದ್ದು ಕೆಲಸ ಮಾಡ್ದೋಳು. ಆ ಊರನ್ನ ನಾನು ತುಂಬ ಪ್ರೀತಿಸ್ತೀನಿ, ಹಾಗಾಗಿ ಈ ಪ್ಲಾನ್‌ನಲ್ಲಿ ನಂಗೆ ಕಷ್ಟ ಆಗಿದ್ದು ಯಾವ್ದನ್ನ ನೋಡೋದು ಅಂತಲ್ಲ, ಯಾವ್ದನ್ನ ಬಿಡೋದು ಅಂತ.

ಬಿಡ್ಬೇಕು ಅನ್ನೋದನ್ನ ಕಲಿತಿದ್ದು ಹೈದರಾಬಾದ್‌ನಲ್ಲಿ. ಮೂರು ವರ್ಷದ ಹಿಂದೆ ಮಗಳಿಗೆ ನಾಲ್ಕು ವರ್ಷ ಇದ್ದಾಗ ಅಲ್ಲಿಗೆ ಹೋಗಿದ್ವಿ, ಒಂದೇ ದಿನ ಬೆಳಿಗ್ಗೆ ಚಾರ್ಮಿನಾರ್, ಆಮೇಲೆ ಸಾಲಾರ್ ಜಂಗ್, ಮಧ್ಯಾಹ್ನ ಗೋಲ್ಕೊಂಡ, ಸಂಜೆ ಹುಸೇನ್ ಸಾಗರ್ ಅಂತ ಹಾಕ್ಕೊಂಡಿದ್ವಿ. ಗೋಲ್ಕೊಂಡ ಮೆಟ್ಲು ಅರ್ಧ ಹತ್ತಿರಬಹುದು, ಮೂರು ಗಂಟೆ ಬಿಸಿಲು, ಮಗು ಅಲ್ಲೇ ಕೂತ್ಕೊಂಡು ಮನೆಗೆ ಹೋಗೋಣ ಮನೆಗೆ ಹೋಗೋಣ ಅಂತ ಅಳೋಕೆ ಶುರು ಮಾಡ್ತು. ನಾನು ಇನ್ನೊಂದು ಸ್ವಲ್ಪ ದೂರ ಅಂತ ಎಳ್ಕೊಂಡು ಹೋದೆ. ಮೇಲೆ ಹೋಗಿ ವಾಂತಿ ಮಾಡ್ಕೊಂಡ್ಳು. ಇವತ್ತು ಅವಳಿಗೆ ಹೈದರಾಬಾದ್ ಅಂದ್ರೆ ನೆನಪಿರೋದು ಆ ವಾಂತಿ ಮತ್ತು ನಾನು ಬೈದಿದ್ದು, ಬೇರೇನೂ ನೆನಪಿಲ್ಲ. ನಂಗೆ ಇವತ್ತಿಗೂ ಅದು ಚುಚ್ಚತ್ತೆ. ಅವತ್ತೇ ಅಂದ್ಕೊಂಡೆ, ಮಕ್ಕಳ ಜೊತೆ ದಿನಕ್ಕೆ ಒಂದೇ ದೊಡ್ಡ ಜಾಗ, ಅದೂ ಬೆಳಿಗ್ಗೆ, ಮಧ್ಯಾಹ್ನ ರೂಮಿಗೆ ವಾಪಸ್ ಬಂದು ಊಟ ನಿದ್ದೆ, ಸಂಜೆ ಕಾಲಾಡಿಸೋಕೆ ಒಂದು ಬಯಲು ಇದ್ರೆ ಸಾಕು. ಇಡೀ ದೆಹಲಿ ಪ್ಲಾನ್ ಇದೊಂದು ಮಾತಿನ ಮೇಲೆ ನಿಂತಿದೆ.

ಯಾವಾಗ ಹೋಗೋದು ಅನ್ನೋದೇ ದೊಡ್ಡ ತಲೆನೋವು. ನಮ್ಮ ಕಡೆ ಸ್ಕೂಲಿಗೆ ದೊಡ್ಡ ರಜ ಸಿಗೋದು ಏಪ್ರಿಲ್-ಮೇ ಮತ್ತೆ ದಸರಾಗೆ. ಮೇ ತಿಂಗಳ ದೆಹಲಿ ಬಿಸಿಲು ನಲವತ್ತು ದಾಟಿರತ್ತೆ, ಲೂ ಅಂತ ಬಿಸಿಗಾಳಿ ಬೀಸತ್ತೆ, ದೊಡ್ಡೋರಿಗೇ ತಡ್ಕೊಳಕ್ಕಾಗಲ್ಲ. ದಸರಾದಲ್ಲಿ ಮೈಸೂರಿನೋರು ಊರು ಬಿಟ್ಟು ಹೋಗೋದಾದ್ರೂ ಹೇಗೆ, ಊರ ತುಂಬ ನೆಂಟರಿರ್ತಾರೆ, ಜಂಬೂ ಸವಾರಿ ಬಿಟ್ಟು ಬಾ ಅಂದ್ರೆ ಮಕ್ಕಳು ಬರಲ್ಲ. ದೀಪಾವಳಿ ಆದ್ಮೇಲೆ ನವೆಂಬರ್‌ನಲ್ಲಿ ಪಂಜಾಬ್ ಹರಿಯಾಣದ ಕೂಳೆ ಸುಟ್ಟ ಹೊಗೆ, ಗಾಡಿಗಳ ಹೊಗೆ, ಗಾಳಿ ಓಡಾಡ್ದೇ ನಿಂತುಬಿಡೋದು ಎಲ್ಲ ಸೇರಿ ಉಸಿರಾಡೋಕೆ ಆಗಲ್ಲ, ನನ್ನ ಮಗಳಿಗೆ ಮೊದಲೇ ಸ್ವಲ್ಪ ವೀಸಿಂಗ್ ಇದೆ, ಆ ತಿಂಗಳು ಯೋಚನೆನೇ ಮಾಡ್ಲಿಲ್ಲ. ಡಿಸೆಂಬರ್ ಕೊನೆ, ಜನವರಿಯಲ್ಲಿ ಮಂಜು, ಫ್ಲೈಟು ರೈಲು ಗಂಟೆಗಟ್ಟಲೆ ಲೇಟಾಗತ್ತೆ. ಜನವರಿ ಕೊನೇ ವಾರ ಗಣರಾಜ್ಯೋತ್ಸವದ ಬಂದೋಬಸ್ತು, 29ಕ್ಕೆ ಬೀಟಿಂಗ್ ರಿಟ್ರೀಟ್ ಮುಗಿಯೋವರೆಗೂ ಆ ಏರಿಯಾದಲ್ಲಿ ಓಡಾಡೋದು ಕಷ್ಟ. ಇದೆಲ್ಲ ಕಳೆದ್ರೆ ಉಳಿಯೋದು ಫೆಬ್ರವರಿ ಮತ್ತೆ ಮಾರ್ಚ್ ಮೊದಲ ಎರಡು ವಾರ. ಫೆಬ್ರವರಿಯಲ್ಲಿ ಬೆಳಿಗ್ಗೆ ಸ್ವೆಟರ್ ಬೇಕು, ಹನ್ನೊಂದು ಗಂಟೆಗೆ ಎಳೆಬಿಸಿಲು ಮೈಮೇಲೆ ಬಿದ್ರೆ ಹಿತ ಅನ್ಸತ್ತೆ. ಹಾಗಾಗಿ ಸ್ಕೂಲಿಗೆ ಒಂದು ವಾರ ರಜ ಹಾಕಿಸೋದು ಅಂತ ತೀರ್ಮಾನ ಮಾಡಿ ಟೀಚರ್‌ಗೆ ಪತ್ರ ಬರೆದೆ, ಎರಡನೇ ಕ್ಲಾಸಲ್ಲಿ ಒಂದು ವಾರ ಹೋದ್ರೆ ನಾವು ಮನೇಲಿ ಕೂತು ತುಂಬ್ಕೋಬಹುದು, ಏಳನೇ ಕ್ಲಾಸಿಗೆ ಬಂದ್ಮೇಲೆ ಹಾಗೆ ಮಾಡಕ್ಕಾಗಲ್ಲ. ವೀಸಿಂಗ್ ವಿಷಯಕ್ಕೆ ಮಕ್ಕಳ ಡಾಕ್ಟರ್ ಹತ್ರ ಹೋಗಿ ಕೇಳಿ, ಇನ್ಹೇಲರ್ ಯಾವಾಗ ಎಷ್ಟು ಅಂತ ಚೀಟಿಯಲ್ಲಿ ಬರೆಸ್ಕೊಂಡು ಬಂದಿದೀನಿ. ಫೆಬ್ರವರಿಯಲ್ಲೂ ಕೆಲವು ದಿನ ಗಾಳಿ ಚೆನ್ನಾಗಿರಲ್ಲ, ಬೆಳಿಗ್ಗೆ ಎದ್ದು ಎಕ್ಯೂಐ, ಅಂದ್ರೆ ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳೋ ಅಂಕಿ, ನೋಡಿ ಹೊರಗೆ ಹೋಗೋದು ಬಿಡೋದು ತೀರ್ಮಾನ ಮಾಡ್ತೀವಿ.

ರೈಲಾ ಫ್ಲೈಟಾ ಅಂತ ಮನೇಲಿ ಒಂದು ವಾರ ಚರ್ಚೆ ಆಯ್ತು. ಮೈಸೂರಿಂದಲೇ ನೇರ ಹಜರತ್ ನಿಜಾಮುದ್ದೀನ್‌ಗೆ ಸ್ವರ್ಣ ಜಯಂತಿ ಎಕ್ಸ್‌ಪ್ರೆಸ್ ಇದೆ, ವಾರಕ್ಕೊಂದ್ಸಲ, ಹಾಸನ ಅರಸೀಕೆರೆ ಹುಬ್ಬಳ್ಳಿ ಬೆಳಗಾವಿ ಮೇಲೆ ಹೋಗತ್ತೆ. ಬೆಂಗಳೂರಿಂದ ಆದ್ರೆ ಕರ್ನಾಟಕ ಎಕ್ಸ್‌ಪ್ರೆಸ್, ರಾಜಧಾನಿ. ರೈಲಲ್ಲಿ ಐದು ವರ್ಷದ ಒಳಗಿನ ಮಗುವಿಗೆ ಬೇರೆ ಬರ್ತ್ ಬೇಡ ಅಂದ್ರೆ ಟಿಕೆಟ್ಟೇ ಬೇಡ, ವಿಮಾನದಲ್ಲಿ ಎರಡು ವರ್ಷ ತುಂಬಿದ ಮೇಲೆ ಸೀಟು ತಗೊಳ್ಳೇಬೇಕು. ದುಡ್ಡಿನ ಲೆಕ್ಕದಲ್ಲಿ ರೈಲೇ ಗೆಲ್ಲತ್ತೆ. ನಂಗೂ ಮಕ್ಕಳು ಕಿಟಕಿಯಲ್ಲಿ ನರ್ಮದೆ ನೋಡ್ಲಿ, ಕರಿಮಣ್ಣು ಹೋಗಿ ಗೋಧಿ ಹೊಲ ಬರೋದನ್ನ ನೋಡ್ಲಿ ಅಂತ ಆಸೆ ಇತ್ತು. ಆದ್ರೆ ಎರಡು ರಾತ್ರಿ ರೈಲಲ್ಲಿ ಕಳೆದು ಇಳಿದ ದಿನ ಅತ್ತೆ ಮಂಡಿ ಹೇಗಿರತ್ತೆ, ಮೇಲಿನ ಬರ್ತಿಂದ ಚಿಕ್ಕೋನು ಬೀಳ್ದಂಗೆ ಎಷ್ಟೊತ್ತು ಕಾಯೋದು ಅಂತ ಯೋಚಿಸಿ ಈ ಸಲ ಫ್ಲೈಟೇ ಅಂತ ಮಾಡಿದ್ವಿ. ಮೈಸೂರಿಂದ ಕೆಎಸ್‌ಆರ್‌ಟಿಸಿ ಫ್ಲೈಬಸ್ ನೇರ ಏರ್‌ಪೋರ್ಟಿಗೇ ಬಿಡತ್ತೆ, ಬೆಂಗಳೂರು ಟ್ರಾಫಿಕ್ಕಲ್ಲಿ ಲಗೇಜು ಹೊತ್ಕೊಂಡು ಬಸ್ ಬದಲಾಯಿಸೋ ಗೋಳಿಲ್ಲ. ಮಧ್ಯಾಹ್ನದ ಫ್ಲೈಟು ತಗೊಂಡಿದೀವಿ, ಮಕ್ಕಳನ್ನ ನಡುರಾತ್ರಿ ಎಬ್ಬಿಸೋದು ಬೇಡ ಅಂತ. ಅತ್ತೆಗೆ ಇದೇ ಮೊದಲನೇ ವಿಮಾನ, ಕಿಟಕಿ ಸೀಟು ಅವ್ರಿಗೇ, ಮಕ್ಕಳಿಗೆ ಮೊದಲೇ ಹೇಳಿ ಒಪ್ಸಿದೀನಿ.

ಉಳ್ಕೊಳ್ಳೋದು ಎಲ್ಲಿ ಅನ್ನೋದ್ರಲ್ಲಿ ನಾನು ಯಾರ ಮಾತೂ ಕೇಳ್ಲಿಲ್ಲ. ಪಹಾಡ್‌ಗಂಜ್, ಕರೋಲ್ ಬಾಗ್ ಕಡೆ ಅಗ್ಗಕ್ಕೆ ರೂಮು ಸಿಗತ್ತೆ ನಿಜ, ಆದ್ರೆ ಬಾಗಿಲು ತೆಗೆದ್ರೆ ರಸ್ತೆ, ಗದ್ದಲ, ಮಗು ಕೈ ಬಿಡಿಸ್ಕೊಂಡು ಓಡೋಕೆ ಒಂದು ಅಡಿ ಜಾಗ ಇರಲ್ಲ. ನಾನು ನೋಡಿದ್ದು ಗ್ರೀನ್ ಪಾರ್ಕ್, ಸಫ್ದರ್‌ಜಂಗ್ ಎನ್‌ಕ್ಲೇವ್ ಕಡೆ, ಅಲ್ಲೊಂದು ಮನೆಯ ಒಂದು ಮಹಡಿಯನ್ನ ಬಾಡಿಗೆಗೆ ಕೊಡ್ತಾರೆ, ಚಿಕ್ಕದೊಂದು ಅಡುಗೆ ಮನೆ ಇದೆ. ಪಕ್ಕದಲ್ಲೇ ಡಿಯರ್ ಪಾರ್ಕ್, ಜಿಂಕೆ ನವಿಲು ಮೊಲ ಎಲ್ಲ ಇದಾವೆ, ದುಡ್ಡು ಕೊಡ್ಬೇಕಿಲ್ಲ, ಸಂಜೆ ಮಕ್ಕಳನ್ನ ಅಲ್ಲಿ ಬಿಟ್ಟುಬಿಟ್ರೆ ಆಯ್ತು. ಎಲ್ಲಕ್ಕಿಂತ ಮುಖ್ಯವಾಗಿ ಗ್ರೀನ್ ಪಾರ್ಕ್ ಮೆಟ್ರೋದ ಹಳದಿ ಲೈನ್ ಮೇಲಿದೆ. ದೆಹಲಿಗೆ ಮಕ್ಕಳ ಜೊತೆ ಹೋಗೋರಿಗೆ ಹಳದಿ ಲೈನ್ ಅಂದ್ರೆ ವರ. ಕುತುಬ್ ಮಿನಾರ್ ಸ್ಟೇಷನ್ ಅದರ ಮೇಲೆ, ಲೋಧಿ ಗಾರ್ಡನ್‌ಗೆ ಇಳಿಯೋ ಜೋರ್ ಬಾಗ್ ಅದರ ಮೇಲೆ, ಪರೇಡ್ ನಡಿಯೋ ಕರ್ತವ್ಯ ಪಥಕ್ಕೆ ಇಳಿಯೋ ಸೆಂಟ್ರಲ್ ಸೆಕ್ರೆಟೇರಿಯಟ್, ಕನಾಟ್ ಪ್ಲೇಸ್‌ನ ರಾಜೀವ್ ಚೌಕ್, ಚಾಂದನಿ ಚೌಕ್ ಎಲ್ಲ ಅದರ ಮೇಲೇ. ಒಂದೇ ಗಾಡಿ, ಬದಲಾಯಿಸೋದು ಕಮ್ಮಿ. ಕೆಂಪುಕೋಟೆಗೆ ಮಾತ್ರ ಸೆಂಟ್ರಲ್ ಸೆಕ್ರೆಟೇರಿಯಟ್ಟಲ್ಲಿ ನೇರಳೆ ಲೈನಿಗೆ ಬದಲಾಯಿಸಿದ್ರೆ ಲಾಲ್ ಕಿಲಾ ಸ್ಟೇಷನ್ ಕೋಟೆ ಮುಂದೆಯೇ ಇಳಿಸತ್ತೆ.

ಮೆಟ್ರೋದಲ್ಲಿ ಮೂರಡಿ, ಅಂದ್ರೆ 90 ಸೆಂಟಿಮೀಟರ್ ಎತ್ತರದವರೆಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಚಿಕ್ಕೋನನ್ನ ಬಾಗಿಲ ಚೌಕಟ್ಟಿಗೆ ನಿಲ್ಸಿ ಪೆನ್ಸಿಲ್ ಗೆರೆ ಎಳೆದು ಟೇಪ್ ಹಿಡಿದ್ವಿ, 96 ಬಂತು. ನಂಗೂ ಟಿಕೆಟ್ ಬೇಕಂತೆ, ನಂಗೂ ಟಿಕೆಟ್ ಬೇಕಂತೆ ಅಂತ ಇಡೀ ಮನೆ ಕುಣಿದಾಡ್ದ. ಅವನಿಗೂ ಒಂದು ಸ್ಮಾರ್ಟ್ ಕಾರ್ಡ್ ಮಾಡಿಸ್ತೀನಿ, ಗೇಟಿಗೆ ಅವನೇ ಮುಟ್ಟಿಸ್ಲಿ. ಹೊಸಬರಿಗೆ ಒಂದು ವಿಷಯ, ಪ್ರತಿ ಸ್ಟೇಷನ್‌ನಲ್ಲೂ ಬ್ಯಾಗು ಎಕ್ಸ್‌ರೇ, ಮೈ ತಪಾಸಣೆ ಇರತ್ತೆ, ಹೆಂಗಸರಿಗೆ ಬೇರೆ ಸಾಲು. ಹಾಗಾಗಿ ಗಂಡ ಹೆಂಡತಿ ಒಂದೊಂದು ಕಡೆ ಆಗ್ತೀವಿ, ಯಾವ ಮಗು ಯಾರ ಜೊತೆ ಅಂತ ಮನೇಲೇ ತೀರ್ಮಾನ ಮಾಡ್ಕೊಂಡ್ರೆ ಅಲ್ಲಿ ಗಾಬರಿ ಆಗಲ್ಲ. ಬೆಳಿಗ್ಗೆ ಎಂಟೂವರೆಯಿಂದ ಹತ್ತೂವರೆ, ಸಂಜೆ ಐದೂವರೆಯಿಂದ ಎಂಟು, ರಾಜೀವ್ ಚೌಕಲ್ಲಿ ಕಾಲಿಡೋಕೆ ಜಾಗ ಇರಲ್ಲ, ನಾನು ಮೂರು ವರ್ಷ ಆ ನೂಕುನುಗ್ಗಲಲ್ಲಿ ಓಡಾಡಿದೀನಿ, ಆ ಹೊತ್ತಲ್ಲಿ ಮಕ್ಕಳನ್ನ ಕರ್ಕೊಂಡು ಹತ್ತೋದೇ ಬೇಡ, ಬೇಕಾದ್ರೆ ಕ್ಯಾಬ್ ತಗೊಳ್ಳಿ.

ಈಗ ಬಿಟ್ಟಿದ್ದು. ಮೊದಲು ಬಿಟ್ಟಿದ್ದು ಝೂ. ಮೈಸೂರಿನೋರಿಗೆ ದೆಹಲಿ ಝೂ ಯಾಕೆ, 1892ರಿಂದ ಇರೋ ನಮ್ಮ ಝೂಗೆ ಮಕ್ಕಳು ತಿಂಗಳಿಗೊಮ್ಮೆ ಹೋಗ್ತಾರೆ. ಅಕ್ಷರಧಾಮ ಬಿಟ್ಟೆ, ಚೆನ್ನಾಗಿದೆ, ಆದ್ರೆ ಫೋನು ಬ್ಯಾಗು ಎಲ್ಲ ಹೊರಗಿಟ್ಟು ದೊಡ್ಡ ಸಾಲಲ್ಲಿ ನಿಂತು ಒಳಗೆ ಅರ್ಧ ದಿನ ನಡೀಬೇಕು, ಅತ್ತೆ ಮಂಡಿಗೂ ಚಿಕ್ಕೋನ ತಾಳ್ಮೆಗೂ ಅದು ಆಗಲ್ಲ. ಆಮೇಲೆ ಆಗ್ರಾ. ಇದಕ್ಕೆ ಮಾತ್ರ ಮನೇಲಿ ಜೋರು ಮಾತೇ ಆಯ್ತು. ಅಷ್ಟು ದೂರ ಹೋಗಿ ತಾಜ್ ಮಹಲ್ ನೋಡ್ದೇ ಬರೋದಾ ಅಂತ ನಮ್ಮನೆಯವ್ರು. ಬೆಳಿಗ್ಗೆ ನಿಜಾಮುದ್ದೀನ್‌ನಿಂದ ಗತಿಮಾನ್ ಎಕ್ಸ್‌ಪ್ರೆಸ್ ಹಿಡಿದ್ರೆ ನೂರು ನಿಮಿಷದಲ್ಲಿ ಆಗ್ರಾ, ಸಂಜೆ ವಾಪಸ್, ಏನು ಕಷ್ಟ ಅಂತ ಅವ್ರ ವಾದ. ಕಷ್ಟ ರೈಲಲ್ಲಲ್ಲ, ಬೆಳಿಗ್ಗೆ ಆರಕ್ಕೆ ಮಕ್ಕಳನ್ನ ಎಬ್ಬಿಸಿ ರಾತ್ರಿ ರೂಮು ಸೇರೋವರೆಗೂ ಅವ್ರಿಗೆ ಮಲಗೋಕೆ ಒಂದು ಜಾಗ ಇರಲ್ವಲ್ಲ, ಅದು. ಕೊನೆಗೆ ತೀರ್ಮಾನ ಹೇಳಿದ್ದು ಅತ್ತೆ. ತಾಜ್ ಮಹಲ್ ಎಲ್ಲೂ ಹೋಗಲ್ಲ ಕಣಪ್ಪಾ, ಮಕ್ಕಳು ದೊಡ್ಡೋರಾದ್ಮೇಲೆ ಅವ್ರೇ ನಿಮ್ಮನ್ನ ಕರ್ಕೊಂಡು ಹೋಗ್ಲಿ ಅಂದ್ರು. ಅಲ್ಲಿಗೆ ಮುಗೀತು.

ತಾಜ್ ಬದಲು ಹುಮಾಯೂನ್ ಸಮಾಧಿ ಇಟ್ಕೊಂಡಿದೀವಿ, ಅದು ಬದಲಿ ಅಂತ ನಂಗೆ ಅನ್ಸೋದೇ ಇಲ್ಲ. ತಾಜ್ ಮಹಲ್ ಶುರು ಆಗೋಕೆ ಸುಮಾರು ಅರವತ್ತು ವರ್ಷ ಮುಂಚೆ ಹುಮಾಯೂನನ ಹೆಂಡತಿ ಕಟ್ಟಿಸಿದ್ದು. ಎತ್ತರದ ಜಗಲಿ, ಮೇಲೆ ಬಿಳಿ ಗುಮ್ಮಟ, ಸುತ್ತ ನಾಲ್ಕು ಭಾಗ ಮಾಡಿದ ತೋಟ, ಮಧ್ಯ ಸಣ್ಣ ನೀರಿನ ಕಾಲುವೆ, ತಾಜ್‌ನ ರೂಪ ಇಲ್ಲೇ ಹುಟ್ಟಿದ್ದು ಅಂತ ನೋಡಿದ ಕೂಡ್ಲೇ ಗೊತ್ತಾಗತ್ತೆ. ಸೋಮವಾರಾನೂ ತೆಗೆದಿರತ್ತೆ, ಹಾಗಾಗಿ ಸೋಮವಾರಕ್ಕೆ ಅದನ್ನೇ ಇಟ್ಟೆ. ಪಕ್ಕದಲ್ಲೇ ಸುಂದರ್ ನರ್ಸರಿ, 90 ಎಕರೆ ತೋಟ, ನಾನು ದೆಹಲಿಯಲ್ಲಿದ್ದಾಗ ಅದು ಇನ್ನೂ ಜನಕ್ಕೆ ತೆಗೆದಿರ್ಲಿಲ್ಲ, 2018ರಲ್ಲಿ ತೆಗೆದ್ರು. ಹುಲ್ಲಿದೆ, ಕೊಳ ಇದೆ, ಮಕ್ಕಳು ಉರುಳಾಡಬಹುದು. ಬೆಳಿಗ್ಗೆ ಸಮಾಧಿ ಒಂದು ಗಂಟೆ, ಆಮೇಲೆ ನರ್ಸರಿಯಲ್ಲಿ ಚಾಪೆ ಹಾಸಿ ಬುತ್ತಿ ಬಿಚ್ಚೋದು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಹದಿನೈದು ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ದೊಡ್ಡೋರ ಟಿಕೆಟ್ ಆನ್‌ಲೈನಲ್ಲೇ ತಗೊಂಡ್ರೆ ಸಾಲು ತಪ್ಪತ್ತೆ.

ಅವತ್ತು ಸಂಜೆಯೇ ಕರ್ತವ್ಯ ಪಥ, ಇಂಡಿಯಾ ಗೇಟ್. ಭಾನುವಾರ ಬೇಡ ಅಂತ ಬೇಕಂತಲೇ ಸೋಮವಾರಕ್ಕೆ ಇಟ್ಟೆ, ಭಾನುವಾರ ಸಂಜೆ ಇಡೀ ದೆಹಲಿ ಅಲ್ಲೇ ಇರತ್ತೆ. ಅತ್ತೆಗೆ ಪರೇಡ್ ರಸ್ತೆ. ಮಗಳಿಗೆ ನಾನು ತೋರಿಸ್ಬೇಕು ಅಂತಿರೋದು ಇಂಡಿಯಾ ಗೇಟ್ ಹಿಂದಿನ ಮಂಟಪದಲ್ಲಿರೋ ಸುಭಾಷ್ ಚಂದ್ರ ಬೋಸ್ ಪ್ರತಿಮೆ. ಇಂಗ್ಲಿಷರ ದೊರೆ ಐದನೇ ಜಾರ್ಜ್ ನಿಂತಿದ್ದ ಮಂಟಪ ಅದು, ಅವನನ್ನ ತೆಗೆದ ಮೇಲೆ ಎಷ್ಟೋ ವರ್ಷ ಖಾಲಿ ಇತ್ತು, ನಾನು ನೋಡಿದ್ದೂ ಖಾಲಿ ಮಂಟಪವನ್ನೇ. 2022ರ ಸೆಪ್ಟೆಂಬರ್‌ನಲ್ಲಿ ಅಲ್ಲಿ 28 ಅಡಿಯ ಕರಿಕಲ್ಲಿನ ನೇತಾಜಿ ನಿಂತ್ರು, ಕೆತ್ತಿದ್ದು ನಮ್ಮ ಮೈಸೂರಿನ ಅರುಣ್ ಯೋಗಿರಾಜ್. ನಮ್ಮೂರಿನ ಕೈ ಕೆತ್ತಿದ ಕಲ್ಲು ದೇಶದ ರಾಜಧಾನಿಯ ನಟ್ಟನಡುವೆ ನಿಂತಿದೆ ಅಂತ ಮಗಳಿಗೆ ಹೇಳಿದಾಗ, ಅವ್ರು ನಮ್ಮ ಸ್ಕೂಲ್ ಹತ್ರನೇ ಇರ್ತಾರಾ ಅಂತ ಕೇಳಿದ್ಳು. ಅಲ್ಲೇ ಪಕ್ಕದಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ, 2019ರಲ್ಲಿ ಶುರುವಾಗಿದ್ದು, ಸುತ್ತು ಸುತ್ತು ಗೋಡೆಗಳ ಮೇಲೆ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರು, ಒಂದೊಂದು ಇಟ್ಟಿಗೆಯಷ್ಟು ಕಲ್ಲಿನ ಮೇಲೆ ಒಂದೊಂದು ಹೆಸರು. ಮಗಳು ಈಗ ತಾನೇ ಎದುರಿಗೆ ಸಿಕ್ಕಿದ್ದೆಲ್ಲ ಓದೋ ವಯಸ್ಸಲ್ಲಿದಾಳೆ, ಅಂಗಡಿ ಬೋರ್ಡೂ ಬಿಡಲ್ಲ. ಅಲ್ಲಿ ನಿಂತು ನಾಲ್ಕು ಹೆಸರು ಜೋರಾಗಿ ಓದ್ಲಿ ಅಂತ ನನ್ನಾಸೆ.

ಮಂಗಳವಾರ ರೈಲ್ ಮ್ಯೂಸಿಯಂ, ಚಾಣಕ್ಯಪುರಿಯಲ್ಲಿ. ನನ್ನನ್ನ ಕೇಳಿದ್ರೆ ಚಿಕ್ಕ ಮಕ್ಕಳಿರೋರು ದೆಹಲಿಯಲ್ಲಿ ಒಂದೇ ಒಂದು ಜಾಗ ನೋಡೋದಾದ್ರೆ ಇದನ್ನೇ ನೋಡ್ಬೇಕು. 1977ರಲ್ಲಿ ಶುರು ಆಗಿದ್ದು, ಬಯಲಲ್ಲಿ ಸಾಲಾಗಿ ಹಳೇ ಇಂಜಿನ್‌ಗಳು, ಒಂದೇ ಹಳಿ ಮೇಲೆ ಓಡ್ತಿದ್ದ ಪಟಿಯಾಲದ ಮೋನೋರೈಲು, ಜೊತೆಗೆ ಎಲ್ಲದರ ಸುತ್ತ ಒಂದು ಪುಟಾಣಿ ರೈಲು ಓಡತ್ತೆ, ದೊಡ್ಡೋರೂ ಕೂರಬಹುದು. ನಮ್ಮ ಮೈಸೂರು ರೈಲ್ ಮ್ಯೂಸಿಯಂ ಅದಾದ ಎರಡು ವರ್ಷಕ್ಕೆ, 1979ರಲ್ಲಿ ಬಂದಿದ್ದು, ಹಾಗಾಗಿ ನನ್ನ ಮಕ್ಕಳಿಗೆ ಇದು ಅಕ್ಕನ ಮನೆಗೆ ಹೋದಂಗೆ. ಅದಕ್ಕಿಂತ ದೊಡ್ಡ ವಿಷಯ ಇದೆ. ನಮ್ಮ ಮ್ಯೂಸಿಯಂನ ಶ್ರೀರಂಗ ಪೆವಿಲಿಯನ್‌ನಲ್ಲಿ ಮಹಾರಾಣಿಯವರ ಸಲೂನ್ ಬೋಗಿ ಇದೆ ಅಲ್ವಾ, ಅಡುಗೆ ಮನೆ ಊಟದ ಕೋಣೆ ಎಲ್ಲ ಇರೋದು, ನೀವೆಲ್ಲ ನೋಡಿರ್ತೀರಿ. ಮೈಸೂರು ಮಹಾರಾಜರ ಸಲೂನ್ ಬೋಗಿ ಇರೋದು ದೆಹಲಿ ಮ್ಯೂಸಿಯಂನಲ್ಲಿ. ಇದನ್ನ ಊಟಕ್ಕೆ ಕೂತಾಗ ಮಕ್ಕಳಿಗೆ ಹೇಳ್ದೆ. ಚಿಕ್ಕೋನು ತುತ್ತು ಬಾಯಲ್ಲಿಟ್ಕೊಂಡೇ, ರಾಜ ಅಲ್ಲಿ ರಾಣಿ ಇಲ್ಲಿ ಯಾಕೆ, ಜಗಳ ಆಡಿದ್ರಾ ಅಂತ ಕೇಳ್ದ. ಇಲ್ಲ ಮಗಾ, ರೈಲಿನೋರು ಹಾಗೆ ಇಟ್ಟಿದಾರೆ ಅಂದೆ. ಅವನಿಗೆ ಅದು ಸರಿ ಕಾಣ್ಲಿಲ್ಲ. ಮಲಗೋವಾಗ್ಲೂ ಕೇಳ್ದ, ಮಾರನೇ ದಿನ ಅಜ್ಜಿ ಹತ್ರ ಹೋಗಿ ಕೇಳ್ದ. ಅವತ್ತಿಂದ ದೆಹಲಿ ಅಂದ್ರೆ ಅವನಿಗೆ ರಾಜನ ರೈಲು ಇರೋ ಊರು, ಬೇರೆ ಏನು ತೋರಿಸಿದ್ರೂ ತೋರಿಸ್ದಿದ್ರೂ ನಡಿಯತ್ತೆ.

ಹೀಗೆ ಹೋಗೋಕೆ ಮುಂಚೆ ಮಗುವಿಗೆ ಒಂದು ಎಳೆ ಸಿಕ್ಕಿದ್ರೆ ಅರ್ಧ ಕೆಲಸ ಆದಂಗೆ. ಅದಕ್ಕೆ ನಾವು ದಿನಾ ರಾತ್ರಿ ಒಂದು ಜಾಗದ ಕಥೆ ಹೇಳ್ತಿದೀವಿ, ಇಸವಿ ಗಿಸವಿ ಬೇಡ. ಕೆಂಪುಕೋಟೆ ಅಂದ್ರೆ ಆಗಸ್ಟ್ 15ಕ್ಕೆ ಬಾವುಟ ಹಾರಿಸ್ತಾರಲ್ಲ ಅದೇ ಗೋಡೆ, ಟಿವಿಯಲ್ಲಿ ನೋಡಿದ್ಯಲ್ಲ, ಅಷ್ಟು ಸಾಕು.

ರೈಲ್ ಮ್ಯೂಸಿಯಂ ಮುಗಿಸ್ಕೊಂಡು ಊಟಕ್ಕೆ ಆರ್.ಕೆ. ಪುರಂ, ಅಲ್ಲಿ ದೆಹಲಿ ಕರ್ನಾಟಕ ಸಂಘದ ಕಟ್ಟಡ ಇದೆ. ನಾನು ಮುನಿರ್ಕಾದಲ್ಲಿದ್ದಾಗ ಕನ್ನಡ ಕಿವಿಗೆ ಬೀಳ್ಲಿ ಅಂತಲೇ ಅಲ್ಲಿಗೆ ನಡ್ಕೊಂಡು ಹೋಗ್ತಿದ್ದೆ, ರಾಜ್ಯೋತ್ಸವಕ್ಕೆ ಹೋಗಿ ಹಿಂದಿನ ಸಾಲಲ್ಲಿ ಕೂತು ಅತ್ತಿದ್ದೂ ಇದೆ, ಮನೆ ನೆನಪಾಗಿ. ಆ ಮೆಟ್ಲ ಮೇಲೆ ಮಕ್ಕಳನ್ನ ಕೂರಿಸಿ ಒಂದು ಫೋಟೋ ತೆಗೀಬೇಕು. ಮಧ್ಯಾಹ್ನ ನಾನು ಮಕ್ಕಳನ್ನ ಮಲಗಿಸ್ತೀನಿ, ನಮ್ಮನೆಯವ್ರು ಅಮ್ಮನ್ನ ಕರ್ಕೊಂಡು ತೀನ್ ಮೂರ್ತಿಯ ಪ್ರಧಾನಮಂತ್ರಿ ಸಂಗ್ರಹಾಲಯಕ್ಕೆ ಹೋಗ್ತಾರೆ. ಅತ್ತೆ ತವರು ಹಾಸನದ ಕಡೆ, ದೇವೇಗೌಡರು 1996ರಲ್ಲಿ ಪ್ರಧಾನಿ ಆದಾಗ ಅವ್ರೂರಲ್ಲಿ ಪಟಾಕಿ ಹೊಡೆದಿದ್ದು ಇವತ್ತಿಗೂ ಹೇಳ್ತಾರೆ. ಎಲ್ಲರೂ ಎಲ್ಲ ಕಡೆ ಒಟ್ಟಿಗೇ ಹೋಗ್ಬೇಕು ಅಂತ ಇಲ್ವಲ್ಲ. ವಯಸ್ಸಾದೋರನ್ನ ಕರ್ಕೊಂಡು ಹೋಗಿ ಮಕ್ಕಳನ್ನ ನೋಡ್ಕೊಳ್ಳೋಕೆ ರೂಮಲ್ಲಿ ಕೂರಿಸೋದನ್ನ ನಾನು ಬೇರೆ ಮನೆಗಳಲ್ಲಿ ನೋಡಿದೀನಿ, ನಂಗದು ಸರಿ ಅನ್ಸಲ್ಲ. ಇದು ಅವ್ರ ಪ್ರವಾಸಾನೂ ಹೌದು.

ಬುಧವಾರ ಕೆಂಪುಕೋಟೆ. 1648ರಲ್ಲಿ ಷಹಜಹಾನ್ ಕಟ್ಟಿ ಮುಗಿಸಿದ್ದು, ಒಳಗೆ ತುಂಬ ನಡಿಗೆ, ಪೂರ್ತಿ ನೋಡಲ್ಲ. ಲಾಹೋರಿ ಗೇಟು, ಒಳಗಿನ ಛತ್ತಾ ಚೌಕ್ ಬಜಾರು, ದಿವಾನ್-ಇ-ಆಮ್, ಅಲ್ಲಿಂದ ವಾಪಸ್. ಎದುರಿಗೇ ಕೆಂಪು ಜೈನ ಮಂದಿರ, ಅದರ ಆವರಣದಲ್ಲೇ ಹಕ್ಕಿಗಳ ಆಸ್ಪತ್ರೆ, ಗಾಳಿಪಟದ ದಾರಕ್ಕೆ ಸಿಕ್ಕಿ ರೆಕ್ಕೆ ಕುಯ್ಕೊಂಡ ಪಾರಿವಾಳಗಳನ್ನ ಅಲ್ಲಿ ಇಟ್ಕೊಂಡು ವಾಸಿ ಮಾಡಿ ಮತ್ತೆ ಹಾರೋಕೆ ಬಿಡ್ತಾರೆ. ಮಕ್ಕಳಿಗೆ ಕೋಟೆಗಿಂತ ಇದೇ ಮನಸ್ಸಲ್ಲಿ ಉಳಿಯತ್ತೆ ಅಂತ ನನ್ನ ನಂಬಿಕೆ. ಚಾಂದನಿ ಚೌಕ್ ಮುಖ್ಯರಸ್ತೆಯಲ್ಲಿ ಹಗಲು ಮೋಟಾರು ಗಾಡಿ ಬಿಡಲ್ಲ, ಸೈಕಲ್ ರಿಕ್ಷಾದಲ್ಲಿ ಫತೇಪುರಿವರೆಗೆ ಒಂದು ಸುತ್ತು, ದರೀಬಾ ಮೂಲೆಯಲ್ಲಿ ಬಿಸಿ ಜಿಲೇಬಿ, ಅಲ್ಲಿಗೆ ಸಾಕು. ಸ್ಟ್ರಾಲರ್ ಅವತ್ತು ತಗೊಂಡು ಹೋಗಲ್ಲ, ಆ ಗಲ್ಲಿಗಳಲ್ಲಿ ಅದು ಉರುಳಲ್ಲ.

ಗುರುವಾರ ಬೆಳಿಗ್ಗೆ ಅಮೃತ ಉದ್ಯಾನ. ಫೆಬ್ರವರಿ ಮಾರ್ಚಲ್ಲಿ ಜನಕ್ಕೆ ತೆಗೀತಾರೆ, ದುಡ್ಡಿಲ್ಲ, ಆನ್‌ಲೈನಲ್ಲಿ ಮೊದಲೇ ಸಮಯ ಕಾಯ್ದಿರಿಸ್ಕೋಬಹುದು. ಬುಕಿಂಗ್ ತೆಗೆದ ದಿನ ನಾನು ಮೊಬೈಲ್ ಹಿಡ್ಕೊಂಡು ಕೂತಿದ್ದೆ, ಬೆಳಗಿನ ಸ್ಲಾಟೇ ಸಿಕ್ತು. ಅತ್ತೆ ಮನೆ ಮುಂದೆ ಇರೋ ಹನ್ನೆರಡು ಕುಂಡಗಳನ್ನ ಮಕ್ಕಳ ಥರ ನೋಡ್ಕೊಳ್ತಾರೆ, ಅವ್ರನ್ನ ಟುಲಿಪ್ ಸಾಲಿನ ಮುಂದೆ ನಿಲ್ಸಿ ನೋಡ್ಬೇಕು ಅಂತ ನಂಗೆ ಎಷ್ಟು ಆಸೆ ಇದೆ ಅಂದ್ರೆ ಆ ದಿನ ಸಂಜೆಗೆ ಬೇರೆ ಏನೂ ಹಾಕಿಲ್ಲ.

ಭಾನುವಾರದ್ದು ಹೇಳೋದೇ ಮರೆತೆ. ಶನಿವಾರ ಸಂಜೆ ತಲುಪಿ ಸುಮ್ನೆ ಮಲಗೋದು. ಭಾನುವಾರ ಬೆಳಿಗ್ಗೆ ಲೋಧಿ ಗಾರ್ಡನ್, ಹಳೇ ಗುಮ್ಮಟಗಳ ಮಧ್ಯೆ ಹುಲ್ಲು, ಕೆರೆಯಲ್ಲಿ ಬಾತುಕೋಳಿ. ಸಂಜೆ ಬಂಗ್ಲಾ ಸಾಹಿಬ್ ಗುರುದ್ವಾರ, ತಲೆಗೆ ಬಟ್ಟೆ ಕಟ್ಕೊಂಡು, ಕೊಳದ ಸುತ್ತ ಒಂದು ಸುತ್ತು ಹಾಕಿ, ಲಂಗರಲ್ಲಿ ನೆಲದ ಮೇಲೆ ಸಾಲಾಗಿ ಕೂತು ರೊಟ್ಟಿ ದಾಲ್ ತಿನ್ನೋದು. ತಿಂಗಳ ಕೊನೆಗೆ ಕೈಲಿ ಕಾಸಿಲ್ದೇ ಇದ್ದಾಗ ನಾನು ಅಲ್ಲಿ ಊಟ ಮಾಡಿದೀನಿ, ಯಾರೂ ಯಾವತ್ತೂ ನೀನ್ಯಾರು ಅಂತ ಕೇಳ್ಲಿಲ್ಲ. ಮಕ್ಕಳು ಆ ಸಾಲಲ್ಲಿ ಕೂರ್ಲೇಬೇಕು.

ಕುತುಬ್ ಮಿನಾರ್ ಪಟ್ಟಿಯಲ್ಲಿಲ್ಲ. ಬರೀವಾಗ್ಲೂ ಹೊಟ್ಟೆಯಲ್ಲಿ ಸಂಕಟ ಆಗತ್ತೆ, ದೆಹಲಿಯಲ್ಲಿ ನಂಗೆ ಅತಿ ಇಷ್ಟದ ಜಾಗ ಅದು, ಸಾವಿರದ ಆರುನೂರು ವರ್ಷದಿಂದ ಹೆಚ್ಚು ತುಕ್ಕು ಹಿಡೀದೇ ನಿಂತಿರೋ ಆ ಕಬ್ಬಿಣದ ಕಂಬದ ಹತ್ರ ಎಷ್ಟು ಭಾನುವಾರ ಕಳೆದಿದೀನೋ. ವಾಪಸ್ ಹೊರಡೋ ಶುಕ್ರವಾರ ಬೆಳಿಗ್ಗೆ ಖಾಲಿ ಬಿಟ್ಟಿದೀನಿ, ಮಕ್ಕಳು ಹುಷಾರಾಗಿದ್ರೆ, ನಗ್ತಾ ಇದ್ರೆ, ಒಂದು ಗಂಟೆ ಹೋಗಿ ಬರೋದು. ಇಲ್ದಿದ್ರೆ ಡಿಯರ್ ಪಾರ್ಕ್. ಖಾಲಿ ಹೊತ್ತು ಇಟ್ಕೊಳ್ಳೋದು ಪ್ಲಾನ್‌ನಲ್ಲಿ ತುಂಬ ಮುಖ್ಯ, ಜ್ವರಾನೋ ಭೇದಿನೋ ಬಂದ್ರೆ ಆ ಜಾಗಕ್ಕೆ ಸರಿಸ್ಕೋಬಹುದು.

ಊಟದ ವಿಷಯ. ಹೊರಗಡೆ ಪರಾಠ, ಛೋಲೆ ಎಲ್ಲ ನಾವು ತಿಂತೀವಿ, ಆದ್ರೆ ಚಿಕ್ಕೋನು ರಾತ್ರಿ ಮೊಸರನ್ನ ಇಲ್ದೇ ಮಲಗಲ್ಲ. ಅಡುಗೆ ಮನೆ ಇರೋ ಜಾಗ ಹುಡುಕಿದ್ದೇ ಅದಕ್ಕೆ. ಒಂದು ಸಣ್ಣ ಕುಕ್ಕರ್, ಒಂದು ಕೆಜಿ ಸೋನಾ ಮಸೂರಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಮೆಂತ್ಯದ ಹಿಟ್ಟು, ಒಗ್ಗರಣೆ ಹಾಕಿದ ಅವಲಕ್ಕಿ, ಕೋಡುಬಳೆ, ಇಷ್ಟು ಅತ್ತೆ ಮಾಡಿ ಕಟ್ಟಿಡ್ತಿದಾರೆ. ಮೊಸರು ಬೀದಿಬೀದಿಯಲ್ಲಿರೋ ಮದರ್ ಡೈರಿ ಬೂತಲ್ಲಿ ಸಿಗತ್ತೆ. ನೀರು ಮಾತ್ರ ಕುದಿಸಿದ್ದು ಇಲ್ಲಾ ಸೀಲ್ ಇರೋದು, ಐಸ್ ಹಾಕಿದ ಯಾವ್ದೂ ಮಕ್ಕಳಿಗೆ ಬೇಡ.

ಜನಜಂಗುಳಿಯಲ್ಲಿ ಮಗು ತಪ್ಪಿಸ್ಕೊಂಡ್ರೆ ಅನ್ನೋ ಭಯ ನಂಗೆ ಎಲ್ಲಕ್ಕಿಂತ ಜಾಸ್ತಿ. ಅದಕ್ಕೆ ಇಬ್ರ ಕೈಗೂ ನಮ್ಮಿಬ್ರ ಫೋನ್ ನಂಬರ್ ಬರೆದ ಬಟ್ಟೆ ಪಟ್ಟಿ ಹೊಲಿದಿದೀನಿ. ದಿನಾ ಬೆಳಿಗ್ಗೆ ಹೊರಡೋವಾಗ ಇಬ್ರದ್ದೂ ಒಂದು ಫೋಟೋ, ಅವತ್ತು ಯಾವ ಬಟ್ಟೆ ಹಾಕಿದ್ರು ಅಂತ ಗಾಬರಿಯಲ್ಲಿ ನೆನಪಾಗಲ್ಲ. ಅಮ್ಮ ಕಾಣ್ಲಿಲ್ಲ ಅಂದ್ರೆ ಹುಡುಕ್ಕೊಂಡು ಹೋಗ್ಬಾರ್ದು, ನಿಂತಲ್ಲೇ ನಿಲ್ಬೇಕು, ನಾವೇ ಬರ್ತೀವಿ ಅಂತ ದಿನಾ ಹೇಳ್ತಿದೀನಿ, ಮನೇಲಿ 'ನಿಂತಲ್ಲೇ ನಿಲ್ಲೋ ಆಟ' ಅಂತ ಮಾಡಿ ಆಡಿಸ್ತಿದೀವಿ. ಮಗಳಿಗೆ ಹಿಂದಿಯಲ್ಲಿ ಎರಡು ಸಾಲು ಕಲಿಸಿದೀನಿ, ನನ್ನ ಹೆಸರು ಇದು, ಅಮ್ಮಂಗೆ ಫೋನ್ ಮಾಡಿ ಅಂತ. ಚಿಕ್ಕೋನೂ ಅಕ್ಕನ್ನ ನೋಡಿ ಕಲಿತಿದಾನೆ, ಸ್ನಾನ ಮಾಡೋವಾಗೆಲ್ಲ ಹೇಳ್ತಾನೆ.

ಇನ್ನು ಸ್ವೆಟರ್ ತೆಗೆದು ಬಿಸಿಲಿಗೆ ಹಾಕ್ಬೇಕು, ಅತ್ತೆಗೆ ಒಂದು ಜೊತೆ ಒಳ್ಳೇ ವಾಕಿಂಗ್ ಶೂ ಕೊಡಿಸ್ಬೇಕು, ಚಪ್ಪಲಿಯಲ್ಲೇ ಬರ್ತೀನಿ ಅಂತಿದಾರೆ, ಬಿಡಲ್ಲ. ಹೊರಡೋಕೆ ಮುಂಚೆ ಒಂದ್ಸಲ ಇಲ್ಲಿನ ರೈಲ್ ಮ್ಯೂಸಿಯಂಗೆ ಹೋಗ್ಬೇಕು ಅಂತ ಚಿಕ್ಕೋನ ಹಟ. ಯಾಕೋ ಅಂದ್ರೆ, ರಾಣಿ ರೈಲಿಗೆ ಹೇಳಿ ಹೋಗ್ಬೇಕಂತೆ, ಅಲ್ಲಿ ರಾಜನ ರೈಲಿಗೆ ಏನಾದ್ರೂ ಹೇಳೋದಿದ್ರೆ ತಾನು ಹೇಳ್ತಾನಂತೆ. ನಾಳೆ ಸಂಜೆ ಕರ್ಕೊಂಡು ಹೋಗ್ತಿದೀನಿ.